ಖಾಲಿ ಮನೆಗೆ ಇಟ್ಟ ನೀರು

ಮಾನ್ವಿಯಲ್ಲಿ ನಾವು ನೋಡಲು ಹೊರಟ ಒಂಬತ್ತನೆಯ ಬಾಡಿಗೆ ಮನೆಯ ಮಾಲೀಕರು ನಮ್ಮನ್ನು ಏನೂ ಕೇಳಲಿಲ್ಲ. ಮಾತೆಲ್ಲ ಫೋನಿನಲ್ಲೇ. "ಯಾವಾಗ ಬರ್ತೀರಿ?" ಅಂದರು. "ಮೊದ್ಲ ಮನಿ ನೋಡಬೇಕಲ್ರೀ" ಅಂದೆ. "ನೋಡ್ರಿ, ಯಾರು ಬ್ಯಾಡ ಅಂತಾರ" ಅಂದರು. ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿದೆ. "ಆ ಮನಿಗೆ ಕೀಲಿ ಹಾಕಂಗಿಲ್ರೀ" ಎಂದು ಫೋನ್ ಇಟ್ಟುಬಿಟ್ಟರು.

ಹಿಂದಿನ ಎಂಟೂ ಮನೆಗಳಲ್ಲಿ ಕೇಳಿದ್ದರು. ಯಾರೂ ನೇರವಾಗಿ ಕೇಳುವುದಿಲ್ಲ, ಅದು ಬೇರೆ ಮಾತು. ಒಬ್ಬರು ಹೆಸರಿನ ಮುಂದೆ ಏನು ಬರೆಯುತ್ತೀರಿ ಅನ್ನುತ್ತಾರೆ, ಇನ್ನೊಬ್ಬರು ಮನೆದೇವರು ಯಾವುದು ಅನ್ನುತ್ತಾರೆ, ಮತ್ತೊಬ್ಬರು ಚಹಾ ಕೊಡುವ ಮೊದಲು "ನಿಮ್ಮ ಮಂದಿ ದೇವದುರ್ಗದಾಗ ಯಾವ ಕಡೀಗೆ ಇರ್ತಾರ?" ಎಂದು ಓಣಿಯ ಹೆಸರು ಕೇಳುತ್ತಾರೆ. ನಾನು "ಮಾಸ್ತರ ಮಂದಿ ರೀ ನಾವು" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳುತ್ತಿದ್ದೆ. ಅವರು ನಗುತ್ತಿದ್ದರು, ಒಳಗೆ ಹೋಗಿ ಬರುತ್ತಿದ್ದರು, ಬಂದು ತಂಗಿಯ ಮಗ ಅದೇ ಮನೆಗೆ ಬರುವವನಿದ್ದಾನೆ ಅನ್ನುತ್ತಿದ್ದರು. ಮಾನ್ವಿಯಲ್ಲಿ ಎಷ್ಟು ತಂಗಿಯರ ಮಕ್ಕಳು ಮನೆಯಿಲ್ಲದೆ ಕಾಯುತ್ತಿದ್ದಾರೋ ದೇವರೇ ಬಲ್ಲ.

ನಾವು ದಲಿತರು, ಅಪ್ಪನ ಕಾಲಕ್ಕೆ ಬೌದ್ಧರಾದವರು. ದೇವದುರ್ಗದ ಕೇರಿಯಲ್ಲಿ ನಮ್ಮ ಮನೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಹೊಲದ ಕೂಲಿ ಮಾಡಿ ನನ್ನನ್ನು ಓದಿಸಿದಳು. ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕ ವರ್ಷವೇ ಕೂಲಿ ಬಿಡಿಸಿದೆ. ಹೆಂಡತಿ ನರ್ಸು. ಅವಳಿಗೆ ಮಾನ್ವಿಗೆ ವರ್ಗವಾಗಿ ಒಂದು ವರ್ಷವಾಗಿತ್ತು. ದಿನಾ ಎರಡು ಹೊತ್ತು ಸರ್ಕಾರಿ ಬಸ್ಸಿನಲ್ಲಿ ಅಲ್ಲಾಡಿ ಅಲ್ಲಾಡಿ ಬಂದು, ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು. ಮಗಳಿಗೆ ಆರು ತುಂಬಿ, ಜೂನ್‌ಗೆ ಒಂದನೇ ಕ್ಲಾಸಿಗೆ ಹೋಗಬೇಕಿತ್ತು.

ಮನೆ ಬದಲಿಸಲು ಅವಳ ಬಸ್ಸಿನ ತ್ರಾಸೇ ಸಾಕಷ್ಟು ಕಾರಣವಾಗಿತ್ತು, ಇನ್ನು ಮೇಲೆ ನಾನು ಓಡಾಡುವುದೆಂದು ಮಾತಾಗಿತ್ತು. ಆದರೆ ನನ್ನ ನಿಜವಾದ ಕಾರಣ ಮಗಳು. ದೇವದುರ್ಗದಲ್ಲಿ ನಾನು ಎಷ್ಟು ಛಲೋ ಪಾಠ ಮಾಡಿದರೂ ಕೇರಿಯ ಮಾಸ್ತರನೇ. ಹೊಗಳುವವರೂ ಕೇರಿಯ ಹೆಸರು ಸೇರಿಸಿಯೇ ಹೊಗಳುತ್ತಾರೆ. ಮಾನ್ವಿ ಬೆಳೆಯುತ್ತಿರುವ ಊರು. ಭತ್ತದ ವ್ಯಾಪಾರಕ್ಕೆ ಬಂದವರು, ನೌಕರಿಗೆ ಬಂದವರು, ಕೆನಾಲಿನ ಬದಿಗೆ ಗದ್ದೆ ಮಾಡಿಕೊಂಡಿದ್ದ ಕ್ಯಾಂಪುಗಳಿಂದ ಎದ್ದು ಬಂದ ತೆಲುಗಿನವರು, ಎಲ್ಲರೂ ಹೊಸಬರು. ಅಂಥ ಕಡೆ ನನ್ನ ಮಗಳು ಯಾರ ಮಗಳೂ ಆಗದೆ ಸುಮ್ಮನೆ ಒಂದು ಹುಡುಗಿಯಾಗಿ ಶಾಲೆಗೆ ಹೋಗಿ ಬಂದರೆ ಸಾಕು ಅಂತ ನನಗೆ ಆಸೆ. ಆ ಆಸೆಯಲ್ಲಿ ಸ್ವಲ್ಪ ಕಳ್ಳತನವಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪೈಕಿ ನಾನು.

ರಾಯಚೂರಿನಲ್ಲಿ ಬಿ.ಎಡ್. ಓದುವಾಗ ಈ ಕಳ್ಳತನ ಒಮ್ಮೆ ಮಾಡಿದ್ದೆ. ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ, ಒಣಹಾಕಿದ ಅಂಗಿಯ ಮೇಲೆ ಹೊಟ್ಟಿನ ಬೂದಿ ಉದುರುವ ಒಂದು ರೂಮು. ಬೇರೆ ಜಾತಿಯ ಹೆಸರು ಹೇಳಿ ಹಿಡಿದಿದ್ದೆ. ಅವ್ವ ಬುತ್ತಿ ಕಟ್ಟಿಕೊಂಡು ನೋಡಲು ಬರುತ್ತೇನೆ ಅಂದಾಗಲೆಲ್ಲ "ರೂಮಿಗೆ ಬರಬ್ಯಾಡ, ನಾನ ಬರ್ತೀನಿ" ಎಂದು ಹೇಳಿ, ಬಸ್‌ಸ್ಟ್ಯಾಂಡಿನಲ್ಲೇ ಭೇಟಿಯಾಗಿ, ಅಲ್ಲೇ ಕೂತು ಉಂಡು, ಅವಳನ್ನು ಬಂದ ಬಸ್ಸಿಗೇ ಹತ್ತಿಸಿ ಕಳಿಸುತ್ತಿದ್ದೆ. ಅವಳು ಯಾಕೆ ಅಂತ ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಹೆಂಡತಿಗೆ ಈ ಸಂಗತಿ ಈಗಲೂ ಗೊತ್ತಿಲ್ಲ.

ಸಂಕ್ರಾಂತಿ ಮುಗಿದ ಮೇಲಿನ ಒಂದು ಭಾನುವಾರ ನಾನು, ಹೆಂಡತಿ, ಮಗಳು ಆ ಮನೆ ನೋಡಲು ಹೋದೆವು. ಊರು ದಾಟಿ, ಟಂಟಂ ಆಟೊ ಇಳಿದು, ಹೊಸ ಲೇಔಟಿನ ರಸ್ತೆ ಹಿಡಿದೆವು. ರಸ್ತೆ ಕರ್ರಗೆ, ಒಂದು ಗೀರೂ ಇಲ್ಲದೆ ಮಲಗಿತ್ತು. ಎರಡೂ ಕಡೆ ನಂಬರು ಬರೆದ ಬಿಳಿ ಕಲ್ಲುಗಳು ಸಾಲಾಗಿ ನಿಂತಿದ್ದವು. ಮನೆ ಕಟ್ಟುವ ಜಾಗದ ಗುರುತು ಅಂತ ಗೊತ್ತಿದ್ದರೂ ಮಗಳು "ಪಪ್ಪಾ, ಇಲ್ಲಿ ಯಾರನ್ನ ಮಣ್ಣು ಮಾಡ್ಯಾರ?" ಎಂದು ಕೇಳಿದಾಗ ನಾನು ಅವಳ ಕೈ ಹಿಡಿದು ಜೋರಾಗಿ ಹೆಜ್ಜೆ ಹಾಕಿದೆ. ಬೀದಿದೀಪಗಳು ಹಗಲು ಹನ್ನೊಂದಕ್ಕೇ ಉರಿಯುತ್ತಿದ್ದವು, ಕೆಳಗೆ ಒಂದು ಮನೆಯೂ ಇಲ್ಲ. ಆಚೆ ಎರಡನೇ ಬೆಳೆಗೆ ನೀರು ಕಟ್ಟಿದ ಗದ್ದೆಗಳು. ಕೆನಾಲಿನ ನೀರು ಸದ್ದಿಲ್ಲದೆ ಬಂದು ಮೂರು ದಿಕ್ಕಿಗೂ ತುಂಬಿ ನಿಂತಿತ್ತು.

ರಸ್ತೆಯ ಕೊನೆಗೆ ಏಳು ಮನೆಗಳು, ಎದುರುಬದುರು. ನೀರಿನಲ್ಲಿ ಅವೇ ಏಳು ಮನೆಗಳು ತಲೆಕೆಳಗಾಗಿ ಕಾಣುತ್ತಿದ್ದವು. ಓಣಿಗೆ ಕಾಲಿಟ್ಟಾಗ ಕೊನೆಯದೊಂದನ್ನು ಬಿಟ್ಟು ಎಲ್ಲ ಮನೆಗಳಿಂದ ಟಿವಿಯ ಸದ್ದು ಬರುತ್ತಿತ್ತು. ನಾವು ಮೊದಲ ಮನೆ ದಾಟಿದೆವು, ಅಲ್ಲಿನ ಸದ್ದು ನಿಂತಿತು. ಎರಡನೆಯದು ದಾಟಿದೆವು, ಅದೂ ನಿಂತಿತು. ಕೊನೆಯ ಮನೆಗೆ ಬರುವ ಹೊತ್ತಿಗೆ ಹೆಂಡತಿಯ ಚಪ್ಪಲಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಒಂದು ನಾಯಿ ಕೂಡ ಬೊಗಳಲಿಲ್ಲ. ನಾಯಿಯಿಲ್ಲದ ಓಣಿ ನಾನು ಅದೇ ಮೊದಲು ನೋಡಿದ್ದು.

ನಾವು ನೋಡಬೇಕಾದ ಮನೆಯ ಹೊಸ್ತಿಲ ಮುಂದೆ ರಂಗೋಲಿ ಹಾಕಿತ್ತು. ಬೆಳಿಗ್ಗೆಯೇ ಹಾಕಿದ್ದು, ನೀರು ಚಿಮುಕಿಸಿದ ನೆಲ ಇನ್ನೂ ಹಸಿಯಾಗಿತ್ತು. ಬಾಗಿಲು ಮುಂದಕ್ಕೆ ಮಾಡಿದ್ದರು ಅಷ್ಟೆ. ಹೆಂಡತಿ ನನ್ನ ಮುಖ ನೋಡಿ, "ಯಾರೋ ಇದ್ದಾರೇನ್ರೀ?" ಅಂದಳು. ಕೂಗಿದೆ, ಯಾರೂ ಓಗೊಡಲಿಲ್ಲ. ಒಳಗೆ ಹೋದೆವು. ಎರಡು ರೂಮು, ಹಾಲು, ಅಡುಗೆಮನೆ. ಎಲ್ಲ ಗುಡಿಸಿ ಇಟ್ಟಂತೆ ಸ್ವಚ್ಛ. ಗಾಳಿ ಬೆಳಕಿಗೆ ಕೊರತೆಯಿರಲಿಲ್ಲ.

ಅಡುಗೆಮನೆಯ ಕಲ್ಲಿನ ಕಟ್ಟೆಯ ಮೇಲೆ ಒಂದು ಸ್ಟೀಲಿನ ಲೋಟ. ಅದರ ಮೇಲೆ ಪುಟ್ಟ ತಟ್ಟೆ ಮುಚ್ಚಿತ್ತು. ಮಗಳು ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಹೆಂಡತಿ ಅವಳ ಕೈಗೆ ಒಂದು ಏಟು ಕೊಟ್ಟು, ತಟ್ಟೆ ಸರಿಸಿ ನೋಡಿದಳು. ಕಂಠದವರೆಗೆ ನೀರು. ಆಸ್ಪತ್ರೆಯಲ್ಲಿ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಲೋಟವನ್ನು ಹಿಂಗೈಯಿಂದ ಮುಟ್ಟಿ, "ತಣ್ಣಗದ. ಈಗ ಇಟ್ಟಾರ" ಅಂದಳು. ನಾನು ಮತ್ತೆ ಎರಡೂ ರೂಮು, ಬಚ್ಚಲು, ಹಿತ್ತಲು ನೋಡಿ ಬಂದೆ. ಯಾರೂ ಇರಲಿಲ್ಲ.

ಹೊರಗೆ ಬಂದಾಗ ಎದುರು ಮನೆಯ ಎತ್ತರದ ಕಟ್ಟೆಯ ಮೇಲೆ ಒಬ್ಬ ಮುದುಕಿ ನಿಂತಿದ್ದರು. ಬಿಳಿ ಕೂದಲು, ಹಸಿರು ಸೀರೆ, ಒಳ್ಳೆಯ ಮನೆತನದ ಗತ್ತು. "ಮನಿ ಮನಸಿಗೆ ಬಂತೇನ್ರೀ?" ಎಂದು ಕೇಳಿದರು.

"ಬಂತ್ರೀ ಯವ್ವಾ."

"ಎಷ್ಟು ಮಂದಿ ಇರ್ತೀರಿ?"

ಎಷ್ಟು ಮಂದಿ ಎಂದು ಕೇಳಿದರೇ ಹೊರತು ಯಾವ ಮಂದಿ ಎಂದು ಕೇಳಲಿಲ್ಲ. "ನಾಕು ಮಂದಿ ರೀ. ನಮ್ಮವ್ವನೂ ಬರ್ತಾಳ" ಅಂದೆ. ಮುದುಕಿ ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟು, "ಛಲೋ ಆತು, ಭಾಳ ಛಲೋ ಆತು" ಅಂದರು. ಆಗ ನೋಡಿದೆ: ಉಳಿದ ಮನೆಗಳ ಬಾಗಿಲುಗಳೂ ಒಂದೊಂದು ಗೇಣು ತೆರೆದಿದ್ದವು. ಪ್ರತಿ ಸಂದಿಯಲ್ಲೂ ಒಂದು ಹೆಣ್ಣುಮುಖ. ಎಲ್ಲರೂ ತಲೆಯಾಡಿಸುತ್ತಿದ್ದರು.

ವಾಪಸ್ ಬಸ್ಸಿನಲ್ಲಿ ಹೆಂಡತಿ "ಅಲ್ಲಿ ಏನೋ ಅದ ರೀ" ಅಂದಳು. ಏನು ಅಂದೆ. "ಗೊತ್ತಿಲ್ಲ. ಆದ್ರ ಯಾರೂ ಕೇಳ್ಲಿಲ್ಲ ನೋಡ್ರಿ" ಅಂದಳು. ಕೇಳಿದರೆ ಹೊಟ್ಟೆ ಉರಿಯುತ್ತದೆ, ಕೇಳದಿದ್ದರೆ ಮೈ ಜುಮ್ಮೆನ್ನುತ್ತದೆ, ನಮ್ಮ ಹಣೆಬರಹ ಇಷ್ಟೇ ಎಂದು ಇಬ್ಬರೂ ನಕ್ಕೆವು.

ಎರಡು ವಾರ ಬಿಟ್ಟು ನಾನೊಬ್ಬನೇ ಹೋದೆ. ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತ್ತು. ಅಲಮಾರು ರೂಮಿನ ಬಾಗಿಲಲ್ಲಿ ಹಿಡಿಸುತ್ತದೋ ಇಲ್ಲವೋ ಎಂದು ಟೇಪು ಹಿಡಿದು ಅಳೆಯಬೇಕಿತ್ತು. ಹೊಸ್ತಿಲಿಗೆ ಬೇರೆ ರಂಗೋಲಿ. ಅಡುಗೆಮನೆಯ ಲೋಟದ ಮೇಲೆ ತಟ್ಟೆ ಹಾಗೇ ಮುಚ್ಚಿತ್ತು. ತೆರೆದರೆ ನೀರು ಅರ್ಧಕ್ಕೆ ಇಳಿದಿತ್ತು.

ಆವಿಯಾಗುವುದರ ಬಗ್ಗೆ ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಮುಚ್ಚಿದ ಲೋಟದ ನೀರು ಹಾಗೆ ಇಳಿಯುವುದಿಲ್ಲ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತೇನೆ. ಯಾರೋ ಆಟವಾಡುತ್ತಿದ್ದಾರೆ ಎಂದು ಸಿಟ್ಟು ಬಂತು. ಆ ನೀರು ಚೆಲ್ಲಿ, ಚೀಲದಲ್ಲಿದ್ದ ನನ್ನ ಬಾಟಲಿಯಿಂದ ಲೋಟವನ್ನು ತುಳುಕುವಷ್ಟು ತುಂಬಿಸಿ, ತಟ್ಟೆ ಮುಚ್ಚಿದೆ. ಮುಂಬಾಗಿಲ ಅಗಳಿ ಹಾಕಿದೆ, ಹಿತ್ತಲದ್ದೂ ಹಾಕಿದೆ. ರೂಮುಗಳನ್ನು ಅಳೆದೆ. ಅಳೆದದ್ದನ್ನೇ ಮತ್ತೆ ಅಳೆದೆ. ಹಾಲಿನ ನೆಲದ ಮೇಲೆ ಕೂತು ಕಾದೆ. ಕಿಟಕಿಯಾಚೆ ಗದ್ದೆಯಲ್ಲಿ ಕೊಕ್ಕರೆಗಳು ಒಂದೇ ಕಾಲಲ್ಲಿ ನಿಂತಿದ್ದವು. ಹೆಚ್ಚೆಂದರೆ ಒಂದು ತಾಸು ಕಳೆದಿರಬೇಕು. ಎದ್ದು ಹೋಗಿ ತಟ್ಟೆ ತೆಗೆದೆ. ನೀರು ಕಂಠದಿಂದ ಒಂದು ಬೆರಳು ಕೆಳಗೆ ಇತ್ತು.

ನಾನು ದೆವ್ವ ನಂಬುವವನಲ್ಲ. ಕಂಡದ್ದನ್ನು ಕಂಡಿಲ್ಲ ಅನ್ನುವವನೂ ಅಲ್ಲ. ಒಂದು ಬೆರಳು ಕೆಳಗೆ ಇತ್ತು. ಕಾರಣ ನನಗೆ ಇವತ್ತಿಗೂ ಗೊತ್ತಿಲ್ಲ.

ಆಗಲೇ ಬಾಗಿಲು ಬಡಿದ ಸದ್ದಾಯಿತು. ಅಗಳಿ ತೆಗೆದರೆ ಎದುರು ಮನೆಯ ಅದೇ ಮುದುಕಿ, ಕೈಯಲ್ಲಿ ನೀರಿನ ಚರಿಗೆ. "ಒಳಗ ಅದೀರೇನು? ಇವತ್ತ ನನ್ನ ಪಾಳಿ ರೀ" ಎಂದು ನೇರ ಅಡುಗೆಮನೆಗೆ ನಡೆದು, ಲೋಟ ತುಂಬಿಸಿ, ಮುಚ್ಚಿ, ಸೆರಗು ಹೊದ್ದು ಅದಕ್ಕೊಂದು ಕೈ ಮುಗಿದರು. ಯಾರಿಗೆ ನೀರು ಎಂದು ಕೇಳಿದೆ. ಅವರು ಮುಚ್ಚಿಡಲಿಲ್ಲ, ಎಲ್ಲ ಹೇಳಿದರು.

ಹಿಂದೆ ಆ ಮನೆಯಲ್ಲಿ ಬಾಡಿಗೆಗೆ ಇದ್ದವರ ಸೊಸೆ ಬಾಣಂತಿಯಾಗಿದ್ದಳು. ಬಾಣಂತಿಗೆ ನೀರು ಕೊಟ್ಟರೆ ಮೈ ಬಾಯುತ್ತದೆ, ನಂಜಾಗುತ್ತದೆ ಎಂದು ನಮ್ಮ ಕಡೆ ಹಿರಿಯರು ಬರೀ ಗುಟುಕು ಗುಟುಕು ಕೊಡುತ್ತಾರೆ. ಆ ಹುಡುಗಿಗೆ ಜ್ವರ ಏರಿತು. ಅವಳು ನೀರು ಕೇಳಿದಳು.

"ಮೂರು ದಿನಾ ಕೇಳಿದ್ಳು ರೀ" ಅಂದರು ಮುದುಕಿ. "ಅತ್ತಿಗೆ ಕೇಳಿದ್ಳು, ಗಂಡಗ ಕೇಳಿದ್ಳು. ಆಮ್ಯಾಲ ಕಿಡಕ್ಯಾಗ ನಿಂತು ನಮ್ಮನ್ನ ಕೇಳಿದ್ಳು. ಎಲ್ಲಾರಿಗೂ ಕೇಳಸ್ತಿತ್ತು. ಕೊಡಬಾರದು ಅಂತ ನಾನ ಎಲ್ಲಾರಿಗೂ ಹೇಳಿದೆ, ನಾನ ಹಿರ್ಯಾಕಿ. ಟಿವಿ ಜೋರು ಹಚ್ಚಿಕೊಂಡು ಕುಂತ್ವಿ."

ನಾಲ್ಕನೇ ದಿನ ಅವಳು ತೀರಿಕೊಂಡಳು. ಕೂಸನ್ನು ತವರಿನವರು ಒಯ್ದರು, ಮನೆಯವರು ಊರು ಬಿಟ್ಟರು. ಅದಾದ ಮೇಲೆ ಓಣಿಯ ಒಂದೊಂದು ಮನೆಯ ಬಾಗಿಲಲ್ಲೂ ಮಧ್ಯಾಹ್ನದ ಹೊತ್ತು ನೀರು ಕೇಳುವ ದನಿ ಕೇಳತೊಡಗಿತಂತೆ. ಈ ಮನೆಯೊಳಗೆ ನೀರಿಟ್ಟು, ಹೊಸ್ತಿಲಿಗೆ ರಂಗೋಲಿ ಹಾಕಿದ ದಿನ ಆ ದನಿ ಬರುವುದಿಲ್ಲ. ಮಾಲೀಕರು ಅದಕ್ಕೇ ಕೀಲಿ ಹಾಕುವುದಿಲ್ಲ. ಆರು ಮನೆಯವರು ಪಾಳಿ ಹಚ್ಚಿಕೊಂಡಿದ್ದಾರೆ.

"ನೀವು ಬಂದ್ರ ನೀವ ಇಡ್ತೀರಿ" ಎಂದು ಅವರು ನನ್ನ ಮುಂಗೈ ಹಿಡಿದುಕೊಂಡರು. "ಮನ್ಯಾಗಿದ್ದವರು ಕೊಟ್ರ ಆಕಿ ಹೊರಗ ಬರಂಗಿಲ್ಲ. ನಮಗೂ ಸಾಕಾಗೇದ ಯಪ್ಪಾ." ಅವರ ಕೈ ತಣ್ಣಗಿತ್ತು, ಹಿಡಿತ ಬಿಗಿಯಾಗಿತ್ತು. ನನ್ನ ಕೈ ಹಾಗೆ ಅವರು ಹಿಡಿದದ್ದು ನನಗೆ ಹಿತವೂ ಆಯಿತು, ಭಯವೂ ಆಯಿತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಹೆದರಲಿಲ್ಲ, ಉರಿದುಬಿದ್ದಳು. ವಾರ್ಡಿನಲ್ಲಿ ಪ್ರತಿ ವಾರ ಒಬ್ಬ ಅತ್ತೆಯ ಜೊತೆ ಇದೇ ಜಗಳ ಮಾಡುತ್ತಾಳಂತೆ, ಬಾಣಂತಿಗೆ ನೀರು ಕೊಡ್ರಿ ಕೊಡ್ರಿ ಎಂದು ಹೇಳಿ ಹೇಳಿ ಗಂಟಲು ಒಣಗಿದೆಯಂತೆ. "ಆಕಿ ದೆವ್ವ ಅಲ್ಲ ರೀ, ನನ್ನ ಪೇಶಂಟು" ಅಂದಳು. ಸ್ವಲ್ಪ ತಣ್ಣಗಾದ ಮೇಲೆ, "ನಡೀರಿ ಹೋಗೋಣು. ದೆವ್ವ ಜಾತಿ ಕೇಳಂಗಿಲ್ಲ, ಅಷ್ಟ ಸಾಕು" ಎಂದು ನಕ್ಕಳು. ದಿನಾ ಒಂದು ಲೋಟ ನೀರು ಇಡುವುದು ನಮಗೇನು ಭಾರವಲ್ಲ ಎಂದು ನಾನೂ ಒಪ್ಪಿದೆ. ಉಳಿದದ್ದು ಅವ್ವನ ಒಪ್ಪಿಗೆ. ಕೊನೆಗಾಲದಲ್ಲಿ ಕೇರಿ ಬಿಟ್ಟು ಬರಬೇಕಾದವಳು ಅವಳು. ಮನೆ ನೋಡಿ ಹೂಂ ಅಂದರೆ ಮಾಲೀಕರಿಗೆ ಖಾತ್ರಿ ಮಾಡುವುದೆಂದು ನಿಶ್ಚಯಿಸಿದೆವು.

ಮಾರ್ಚಿನಲ್ಲಿ, ಹೆಂಡತಿಗೆ ಡ್ಯೂಟಿ ಇದ್ದ ಒಂದು ದಿನ, ಅವ್ವನನ್ನೂ ಮಗಳನ್ನೂ ಕರೆದುಕೊಂಡು ಹೋದೆ. ಆ ಬಾಣಂತಿಯ ಕತೆ ಅವ್ವನಿಗೆ ಮೊದಲೇ ಹೇಳಿದ್ದೆ. ಬಸ್ಸಿನಲ್ಲಿ ಅವ್ವನಿಗೆ ಮೆಲ್ಲಗೆ ಹೇಳಿದೆ: "ಯವ್ವಾ, ಅಲ್ಲಿ ಯಾರರ ಏನರ ಕೇಳಿದ್ರ ನೀ ಮಾತಾಡಬ್ಯಾಡ. ನನ್ನ ಕಡೀ ತೋರಸು." ಅವಳು ನನ್ನ ಕಡೆ ತಿರುಗದೆ, "ಹೂಂ" ಅಂದಳು. ಯಾಕೆಂದು ಆಗಲೂ ಕೇಳಲಿಲ್ಲ.

ಲೇಔಟಿನ ಬಿಳಿ ಕಲ್ಲುಗಳ ನಡುವೆ ಅವ್ವ ಆರಾಮಾಗಿ ನಡೆದಳು. ಟಿವಿಗಳು ಒಂದೊಂದಾಗಿ ಸುಮ್ಮನಾದವು. ಮನೆಯೊಳಗೆ ಅವಳು ಗೋಡೆ ಮುಟ್ಟಿದಳು, ಬಚ್ಚಲು ನೋಡಿದಳು, ಅಡುಗೆಮನೆಯಲ್ಲಿ ಲೋಟದ ಮುಂದೆ ನಿಂತು "ಪಾಪ, ಕೂಸು" ಅಂದಳು, ತೀರಿಹೋದ ಹುಡುಗಿ ನಮ್ಮದೇ ಮನೆಯ ಸೊಸೆ ಎಂಬಂತೆ. ಹಾಲಿನಲ್ಲಿ ಬಾಗಿಲಿಗೆ ಎದುರಾಗಿರುವ ಗೋಡೆ ತೋರಿಸಿ, "ಬುದ್ಧನ ಫೋಟೊ ಇಲ್ಲಿ ಹಾಕೋಣು" ಅಂದಳು. ಒಳಗಿನ ರೂಮಿನಲ್ಲಿ ಹಾಕುವುದೆಂದು ನಾನು ಮನಸ್ಸಿನಲ್ಲೇ ಯಾವತ್ತೋ ತೀರ್ಮಾನಿಸಿದ್ದೆ. "ಇರಾಕ ಛಲೋ ಅದ ಯಪ್ಪಾ" ಎಂದು ಅವಳು ಒಪ್ಪಿಗೆ ಕೊಟ್ಟಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಶಾಲೆಯ ಬಸ್ಸು ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಮಗಳು ಎಲ್ಲಿ ಸೈಕಲ್ಲು ಕಲಿಯುತ್ತಾಳೆ ಎಂದೆಲ್ಲ ಒಬ್ಬನೇ ಲೆಕ್ಕ ಹಾಕುತ್ತ ಹೊರಗೆ ಬಂದೆ.

ಬಿಸಿಲು ಚುರುಗುಟ್ಟುತ್ತಿತ್ತು. ಬಾಟಲಿಯ ನೀರನ್ನು ಮಗಳು ಬಸ್ಸಿನಲ್ಲೇ ಖಾಲಿ ಮಾಡಿದ್ದಳು, ಮನೆಯ ನಳದಲ್ಲಿ ಇನ್ನೂ ನೀರು ಬಿಟ್ಟಿರಲಿಲ್ಲ. "ನೀರಡಿಕಿ ಆಗೇದ" ಅಂದಳು ಅವ್ವ. ಎದುರು ಮನೆಯ ಮುದುಕಿ ಕೇಳಿಸಿಕೊಂಡು, "ತಡೀರಿ, ತರ್ತೀನಿ" ಎಂದು ಒಳಗೆ ಹೋದರು. ಅವ್ವ ರಸ್ತೆ ದಾಟಿ ಅವರ ಕಟ್ಟೆಯ ಕೆಳಗೆ ನಿಂತಳು. ಮುದುಕಿ ಹೊರಗೆ ಬಂದು ಮೇಲೆ ನಿಂತರು. ಬಲಗೈಯಲ್ಲಿ ಹಿತ್ತಾಳೆಯ ಚರಿಗೆ, ಎಡಗೈಯಲ್ಲಿ ಲೋಟ.

ಲೋಟ ಅವ್ವನಿಗಾಗಿಯೇ ತಂದದ್ದು. ಅದನ್ನು ನಾನು ನನ್ನ ಕಣ್ಣಾರೆ ನೋಡಿದೆ. ಅವರು ಅದನ್ನು ಮುಂದೆ ಚಾಚುವುದರಲ್ಲಿದ್ದರು.

ಅವ್ವನ ಮೊಣಕಾಲು ಮಡಚಿತು. ಅವಳು ಕುಕ್ಕರುಗಾಲಲ್ಲಿ ಕೂತಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು, ಮುಖ ಬಗ್ಗಿಸಿ ಎರಡೂ ಕೈ ಜೋಡಿಸಿ ಬಾಯಿಗೆ ಬೊಗಸೆ ಹಚ್ಚಿದಳು. ಕೇರಿಯಲ್ಲಿ, ಮನೆಯಲ್ಲಿ ಅವಳು ಲೋಟದಲ್ಲೇ ಕುಡಿಯುವವಳು. ಈ ಭಂಗಿಯನ್ನು ನಾನು ಕೊನೆಯ ಬಾರಿ ನೋಡಿದ್ದು ಚಿಕ್ಕವನಿದ್ದಾಗ, ಯಾರದೋ ಹೊಲದ ಬದುವಿನ ಮೇಲೆ. ಅವಳು ಮರೆತಿದ್ದಾಳೆ ಅಂದುಕೊಂಡಿದ್ದೆ.

ಮುದುಕಿ ಒಂದು ಗಳಿಗೆ ನಿಂತರು. ಎಡಗೈಯ ಲೋಟ ಹಿಂದಕ್ಕೆ ಸರಿದು ಸೀರೆಯ ನೆರಿಗೆಯಲ್ಲಿ ಅಡಗಿತು. ಬಲಗೈ ಮೇಲೆದ್ದು ಚರಿಗೆ ಬಾಗಿತು. ಎತ್ತರದಿಂದ ಸಣ್ಣ ಧಾರೆಯಾಗಿ ನೀರು ಇಳಿದು ಅವ್ವನ ಬೊಗಸೆಯ ನಟ್ಟನಡುವೆ ಬಿತ್ತು. ಒಂದು ಹನಿ ಆಚೀಚೆ ಹೋಗಲಿಲ್ಲ. ಅವ್ವ ಕುಡಿಯುವ ವೇಗಕ್ಕೆ ಸರಿಯಾಗಿ ಧಾರೆ ದಪ್ಪವಾಯಿತು, ಸಣ್ಣದಾಯಿತು. ಅವ್ವ ತಲೆ ಅಲ್ಲಾಡಿಸಿದ ಕೂಡಲೇ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ಎಂದೂ ನೋಡಿದವರಲ್ಲ. ಒಂದು ಮಾತು ಆಡಿರಲಿಲ್ಲ. ಆದರೂ ಹುಟ್ಟಿದಾಗಿನಿಂದ ಜೊತೆಗೇ ಕಲಿತವರ ಹಾಗೆ ಮಾಡಿ ಮುಗಿಸಿದರು. ಒಂದು ಬೆರಳು ಇಳಿದ ಲೋಟ ನೋಡಿ ನನಗೆ ಇಷ್ಟು ಹೆದರಿಕೆ ಆಗಿರಲಿಲ್ಲ.

ಅಷ್ಟರಲ್ಲಿ ಮಗಳು ಓಡಿಹೋಗಿ ಅವ್ವನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಹೊಸ ಆಟ ಸಿಕ್ಕ ಖುಷಿಯಲ್ಲಿ ನಗುತ್ತ, ಅವಳೂ ಬೊಗಸೆ ಹಿಡಿದಳು. ಮುದುಕಿಯ ಚರಿಗೆ ಮತ್ತೆ ಬಾಗಿತು. ನೀರು ಅವಳ ಪುಟ್ಟ ಅಂಗೈಗೆ ತಾಗಿದ್ದೇ ತಡ, "ಏಳಲೇ!" ಎಂದು ನಾನು ಕಿರುಚಿದೆ. ಇಡೀ ಓಣಿಗೆ ಕೇಳಿಸಿರಬೇಕು. ಮಗಳ ನಗು ಹಾಗೇ ನಿಂತಿತು. ಮುದುಕಿ ತಮ್ಮ ಬಲಗೈಯನ್ನು ಯಾರದೋ ಕೈ ಎಂಬಂತೆ ನೋಡಿಕೊಂಡರು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಉಳಿದ ಬಾಗಿಲುಗಳೂ ಮುಚ್ಚಿದವು. ಆಮೇಲೆ ಟಿವಿಗಳು ಒಂದೊಂದಾಗಿ ಶುರುವಾದವು, ಎಲ್ಲವೂ ಜೋರಾಗಿ.

ನಿಜ ಹೇಳುತ್ತೇನೆ. ಆಗ ನನಗೆ ಸಿಟ್ಟು ಬಂದದ್ದು ಆ ಮುದುಕಿಯ ಮೇಲಲ್ಲ. ಅವ್ವನ ಮೇಲೆ. "ಎದಕ್ಕ ಹಂಗ ಕುಂತಿ?" ಎಂದು ರಸ್ತೆಯ ಉದ್ದಕ್ಕೂ ಬೈದೆ. "ಆಕಿ ಗಿಲಾಸ ತಂದಿದ್ಳು, ಕಾಣಲಿಲ್ಲೇನು ನಿನಗ? ಮಾತಾಡಬ್ಯಾಡ ಅಂದ್ರ ಮಾತಾಡಲಿಲ್ಲ, ಎಲ್ಲಾ ಕೆಡಿಸಿ ಇಟ್ಟಿ." ಹಡೆದವ್ವನಿಗೆ ಯಾರೂ ಆಡಬಾರದ ಮಾತು. ಅವಳು ಮೊಮ್ಮಗಳ ಕೈ ಹಿಡಿದು ನನ್ನ ಹಿಂದೆ ಹಿಂದೆ ಬಂದಳು. ಬಹಳ ದೂರ ಬಂದ ಮೇಲೆ, "ಆಕಿ ಚರಿಗಿ ಹಿಡಿದು ಮ್ಯಾಲ ನಿಂತ್ಳು. ಮೊಣಕಾಲು ತಾವ ಮಡಚಿದ್ವು ಯಪ್ಪಾ. ನಾ ಕುಂದ್ರಬೇಕಂತ ಕುಂದರಲಿಲ್ಲ" ಅಂದಳು.

ಟಂಟಂ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದೆವು. ಇಳಿಯುತ್ತಿದ್ದಂತೆಯೇ ಫೋನ್ ಬಡಿಯಿತು. ಮನೆಯ ಮಾಲೀಕರು. ಸುದ್ದಿ ನಮಗಿಂತ ಮೊದಲು ಮುಟ್ಟಿತ್ತು.

"ನೀವು ಏನೂ ಹೇಳಿರಲಿಲ್ಲಲ್ರೀ ಮಾಸ್ತರ" ಅಂದರು. "ಇರ್ಲಿ ಬಿಡ್ರಿ. ಬ್ಯಾರೇ ಮನಿ ಆಗಿದ್ರ ಮಾತು ಬ್ಯಾರೇ ಇತ್ತು. ಆ ಮನಿಗೆ ಯಾರಾದ್ರೂ ನಡೀತದ. ಓಣ್ಯಾಗಿನವರೂ ಹೂಂ ಅಂದಾರ. ಜಲ್ದಿ ಬರ್ರಿ, ಮನ್ಯಾಗ ಯಾರರ ಇದ್ರ ಛಲೋ."

"ಹೇಳ್ತೀನ್ರೀ" ಎಂದು ಫೋನ್ ಇಟ್ಟೆ. ಯಾರಾದರೂ ನಡೆಯುತ್ತದೆ ಎಂಬ ಮಾತಿಗೆ ಮೈಯೆಲ್ಲ ಉರಿಯಬೇಕಿತ್ತು. ಉರಿಯಲಿಲ್ಲ. ಮನೆ ತಪ್ಪಲಿಲ್ಲವಲ್ಲ ಎಂದು ಒಳಗೊಳಗೇ ಸಮಾಧಾನವಾಯಿತು. ಹೆಂಡತಿಗೆ ಬಸ್ಸಿನ ಕಾಟ ತಪ್ಪುತ್ತದೆ, ಮಗಳಿಗೆ ಶಾಲೆ ಸಿಗುತ್ತದೆ, ಉಳಿದದ್ದು ಬರಬರುತ್ತ ಸರಿಹೋಗುತ್ತದೆ ಅಂದುಕೊಂಡೆ. ಆ ಸಮಾಧಾನ ನೆನೆದರೆ ನನಗೆ ಈಗ ನಾಚಿಕೆಯಾಗುತ್ತದೆ.

ದೇವದುರ್ಗದ ಬಸ್ಸು ಬರಲು ಇನ್ನೂ ಹೊತ್ತಿತ್ತು. ಅವ್ವನನ್ನೂ ಮಗಳನ್ನೂ ಕಲ್ಲಿನ ಬೆಂಚಿನ ಮೇಲೆ ಕೂರಿಸಿ, ಕ್ಯಾಂಟೀನಿನಿಂದ ಮೂರು ಲೋಟ ನೀರು ತಂದೆ. ಮಗಳು ಲೋಟ ತೆಗೆದುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತ, "ಪಪ್ಪಾ, ನಾ ತಪ್ಪು ಕುಡದ್ನೇನು?" ಎಂದು ಕೇಳಿದಳು. ನಾನು ಇಲ್ಲ ಅಂದೆ. "ಮತ್ತ ಹೆಂಗ ಕುಡೀಬೇಕು?" ಅಂದಳು.

ಅವ್ವ ಬೆಂಚಿನ ಮೇಲೆ ನೆಟ್ಟಗೆ ಕೂತು, ಸೆರಗಿನಿಂದ ಕೈ ಒರೆಸಿಕೊಂಡಳು.

"ಯಪ್ಪಾ, ನನ್ನಿಂದ ನಿಮಗ ಮನಿ ತಪ್ಪಬಾರದು" ಅಂದಳು. "ನೀ ಮಾಸ್ತರ ಅದೀ. ಊರ ಮಂದಿ ಮಕ್ಕಳಿಗೆಲ್ಲಾ ಕಲಸ್ತಿ, ನನಗೂ ಕಲಸು. ಅವರು ಮುಂದ ನಿಂತಾಗ ಗಿಲಾಸ ಹೆಂಗ ಇಸ್ಗೋಬೇಕು? ಮೊದ್ಲ ಯಾವ ಕೈ ಚಾಚಬೇಕು? ಕಣ್ಣು ಎಲ್ಲಿ ಇಡಬೇಕು? ಒಂದೆರಡು ಸರ್ತಿ ತೋರ್ಸು, ಕಲೀತೀನಿ. ಜೂನಿಗೆ ಇನ್ನ ವ್ಯಾಳ್ಯಾ ಅದ."

ಅವಳು ಸಿಟ್ಟಿನಿಂದ ಹೇಳುತ್ತಿರಲಿಲ್ಲ, ಚುಚ್ಚಿ ಹೇಳುತ್ತಿರಲಿಲ್ಲ. ನಿಜವಾಗಿ ಕಲಿಯಲು ಸಿದ್ಧಳಾಗಿ, ಮೊದಲ ಬೆಂಚಿನ ಹುಡುಗಿಯ ಹಾಗೆ ನನ್ನನ್ನು ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಮಗಳೂ ಹಾಗೇ ನೋಡುತ್ತ ಕೂತಿದ್ದಳು. ತೋರಿಸಲೆಂದು ಒಂದು ಲೋಟ ಹಿಡಿದು ಕೈ ಮುಂದೆ ಚಾಚಿದೆ. ಇಬ್ಬರ ಕಣ್ಣೂ ನನ್ನ ಕೈಯ ಮೇಲಿದ್ದವು.

ಲೋಟ ಕೆಳಗಿಟ್ಟೆ. ಮಾಲೀಕರಿಗೆ ಫೋನ್ ಹಚ್ಚಿ, ಮನೆ ಬೇಡ ಅಂದೆ.